ಮೇವಿಗೆ ಹೆಪ್ಪು ಹಾಕಿದವರು

ಯಾರಾದರೂ ಮನೆಗೆ ಬಂದರೆ ಮೊದಲು ಚಪ್ಪಲಿ ಬಿಡುತ್ತಾರೆ, ಆಮೇಲೆ ಆರಾಮ ಇದ್ದೀರೇನು ಅಂತ ಕೇಳುತ್ತಾರೆ. ಅವರು ಮೊದಲು ಮೂಸುತ್ತಿದ್ದರು. ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕನ್ನಡಿಗೆ ತೂಗುಹಾಕಿ, ಕೊಟ್ಟಿಗೆಯ ಕಡೆ ತಿರುಗಿ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡರೆ ಒಳಗಿನ ಸಮಾಚಾರವೆಲ್ಲ ಗೊತ್ತಾದ ಹಾಗೆಯೇ. ಹಿಂಡಿಯ ಚೀಲ ತಳದಲ್ಲಿ ಮುಗ್ಗಿದೆ, ಗಂಜಲದ ಕಾಲುವೆ ಕಟ್ಟಿಕೊಂಡಿದೆ, ಕರುವಿಗೆ ಭೇದಿ ಶುರುವಾಗಿದೆ, ಇಷ್ಟನ್ನೂ ಹೇಳಿ ಮುಗಿಸಿ ಆಮೇಲೆ ನಮ್ಮ ಆರೋಗ್ಯ ವಿಚಾರಿಸುತ್ತಿದ್ದರು. ಈ ಮನುಷ್ಯ ಹೋದ ಜನ್ಮದಲ್ಲಿ ನಾಯಿ ಆಗಿದ್ದನೋ ಏನೋ ಅಂತ ನನ್ನ ಅತ್ತೆ ಅವರ ಎದುರಿಗೇ ಅನ್ನುತ್ತಿದ್ದರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಬರೀ ನಾಯಿ ಅನ್ನಬೇಡಿ ಅಜ್ಜಿ, ಬೇಟೆನಾಯಿ ಅನ್ನಿ, ಎಂದು ತಿದ್ದುತ್ತಿದ್ದರು.

ಅವರು ಹಾಲು ಒಕ್ಕೂಟದ ಮೇಲ್ವಿಚಾರಕರು. ನಾನು ಊರ ಡೇರಿಯಲ್ಲಿ ಹಾಲು ಅಳೆಯುವವಳು. ಕಿರವತ್ತಿಯಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರು. ಅವರು ಹುಟ್ಟಿದ್ದು ಸಿದ್ದಾಪುರದ ಕಡೆ, ಮನೆ ಮಾಡಿದ್ದು ಯಲ್ಲಾಪುರದಲ್ಲಿ. ಅವರು ಮಾತಿಗೊಂದು "ಎಂತ" ಅಂದರೆ ನಮ್ಮೂರ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಾವು "ಬರ್ರಿ, ಕುಂದರ್ರಿ" ಅಂದರೆ ಅವರು, ಇದೇನು ಕರೆಯುವುದೋ ಗದರುವುದೋ ಅಂತ ಕೇಳುತ್ತಿದ್ದರು. ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ಮುಂದೆ ಬರುವ ಫಕ್ಕೀರವ್ವನ ನಿಜವಾದ ಹೆಸರೂ ಬೇರೆ. ಯಾಕೆ ಅನ್ನುವುದು ಓದುತ್ತ ಹೋದರೆ ತಿಳಿಯುತ್ತದೆ.

ಡೇರಿಗೆ ಬರುವ ಮೇಲ್ವಿಚಾರಕರೆಲ್ಲ ಹಾಲಿನ ಲೆಕ್ಕ ಕೇಳುತ್ತಾರೆ. ಇವರು ಬೇಸಿಗೆಯ ಲೆಕ್ಕ ಕೇಳುತ್ತಿದ್ದರು. ನಮ್ಮ ಭಾಗದಲ್ಲಿ ಯುಗಾದಿ ದಾಟಿತು ಅಂದರೆ ಗದ್ದೆಯ ಬದುವಿನಲ್ಲಿ ಹಸಿರು ಇರುವುದಿಲ್ಲ. ಬಣವೆಯ ಹುಲ್ಲು ಹುಡಿಯಾಗಿರುತ್ತದೆ. ಆಗ ದನ ಕೊಳ್ಳುವವರ ಪಿಕಪ್ ಗಾಡಿಗಳು ಊರೊಳಗೆ ಬರಲು ಶುರು. ಮೇವಿಲ್ಲದೆ ಮಾರಿದ ದನ ಹಗ್ಗ ಜಗ್ಗಿದರೂ ಗಾಡಿ ಹತ್ತುವುದಿಲ್ಲ. ಹಿಂದಿನಿಂದ ಬಾಲ ತಿರುಚಿ ಹತ್ತಿಸಬೇಕು. ಒಮ್ಮೆ ಡೇರಿಯ ಮುಂದೆಯೇ ಹಾಗೆ ಹತ್ತಿಸಿದರು. ಮೇಲ್ವಿಚಾರಕರು ಒಳಗೆ ಬಂದು, ಗೋಡೆಯ ಕಡೆ ಮುಖ ಮಾಡಿ, ಕ್ಯಾನಿನ ಮುಚ್ಚಳವನ್ನು ಸುಮ್ಮನೆ ತೆಗೆಯುತ್ತ ಹಾಕುತ್ತ ನಿಂತಿದ್ದರು. ಗಾಡಿಯ ಸದ್ದು ಹೋದ ಮೇಲೆ ಹೇಳಿದರು, "ನಾನು ಈ ಕೆಲಸಕ್ಕೆ ಬಂದದ್ದು ಹಾಲಿಗಲ್ಲ ತಂಗಿ. ಎಪ್ರಿಲ್ ತಿಂಗಳಿಗೆ." ಈ ಊರಿನಿಂದ ಒಂದು ಎಪ್ರಿಲ್‌ನಲ್ಲಾದರೂ ಮೇವಿಲ್ಲ ಅನ್ನುವ ಕಾರಣಕ್ಕೆ ಒಂದೂ ದನ ಹೋಗಬಾರದು, ಅದೊಂದು ನೋಡಿ ನಿವೃತ್ತಿಯಾಗಬೇಕು ಅಂತ ಅವರ ಆಸೆ.

ಅದಕ್ಕೆ ಅವರು ಕಂಡುಕೊಂಡಿದ್ದ ದಾರಿ ರಸಮೇವು. ಮಳೆಗಾಲದ ಕೊನೆಗೆ ಹಸಿ ಗೋವಿನಜೋಳವನ್ನು ದಂಟು ತೆನೆ ಸಮೇತ ಕತ್ತರಿಸಿ, ದಪ್ಪ ಚೀಲದಲ್ಲಿ ತುಳಿದು ತುಂಬಿ, ಗಾಳಿಯಾಡದಂತೆ ಬಾಯಿ ಕಟ್ಟಿ ಇಟ್ಟರೆ ಒಳಗೇ ಹುಳಿತು ಹದವಾಗುತ್ತದೆ, ಬೇಸಿಗೆಗೆ ಬರುತ್ತದೆ. ಇದು ನಮಗೂ ಕಿವಿಗೆ ಬಿದ್ದ ವಿಷಯವೇ. ಆದರೆ ಅವರು ಅದಕ್ಕೊಂದು ಪುಡಿ ಸೇರಿಸಬೇಕು ಅನ್ನುತ್ತಿದ್ದರು. ಒಳ್ಳೆಯ ಬ್ಯಾಕ್ಟೀರಿಯಾದ ಪುಡಿ. ಬ್ಯಾಕ್ಟೀರಿಯಾ ಅಂದಕೂಡಲೇ ಹೆಂಗಸರು ಹಿಂದೆ ಸರಿದರು. ಹುಳಾನ ದನಕ್ಕ ತಿನ್ನಸ್ತೀರೇನ್ರಿ ಅಂದರು. ಅವರು ವಾದಕ್ಕೆ ನಿಲ್ಲಲಿಲ್ಲ. ಮೊಸರಿನ ಗಡಿಗೆ ತರಲು ಹೇಳಿದರು. ಹಾಲನ್ನು ಹಾಗೇ ಬಿಟ್ಟರೆ ಹುಳಿಯುತ್ತದೋ ಇಲ್ಲವೋ? ಹುಳಿಯುತ್ತದೆ. ಆದರೆ ಒಂದು ದಿನ ಲೋಳೆ, ಇನ್ನೊಂದು ದಿನ ಕಹಿ. ಹೆಪ್ಪು ಹಾಕಿದರೆ? ಮೊಸರು. ಅಷ್ಟೇ ಅಲ್ಲವೋ, ಇದು ಮೇವಿಗೆ ಹೆಪ್ಪು ಅಂತ ತಿಳಿಯಿರಿ, ಎಂದರು. ಆಮೇಲೆ ನಾವೆಲ್ಲ ಬಲ್ಲ ಇನ್ನೊಂದು ಮಾತು ಹೇಳಿದರು. ಕಿರವತ್ತಿಯಲ್ಲಿ ಹುಬ್ಬಳ್ಳಿ ಬಸ್ಸು ಬಂದಾಗ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಒಳ್ಳೆಯ ಹುಳ ಹಾಗೆ ಮೊದಲೇ ಹೋಗಿ ಸೀಟು ಹಿಡಿಯುತ್ತದೆ, ಕೆಟ್ಟದ್ದು ಬಂದರೆ ನಿಲ್ಲಲೂ ಜಾಗವಿರುವುದಿಲ್ಲ. ಅವತ್ತಿನಿಂದ ಬೆನ್ನ ಹಿಂದೆ ಅವರಿಗೆ ಹೆಪ್ಪಿನ ಸರ ಅಂತಲೇ ಹೆಸರಾಯಿತು.

ಆ ಪುಡಿಯನ್ನು ಅವರು ಹಸುಗೂಸಿನಂತೆ ಸಾಗಿಸುತ್ತಿದ್ದರು. ಬಿಸಿಲು ತಾಗಿದರೆ ಸಾಯುತ್ತದೆ ಅಂತ ಊಟದ ಡಬ್ಬಿಯಲ್ಲಿ ಐಸು ತುಂಬಿ ನಡುವೆ ಇಟ್ಟುಕೊಂಡು ಬರುತ್ತಿದ್ದರು. ಯಲ್ಲಾಪುರದಲ್ಲಿ ಬೆಳಿಗ್ಗೆ ಬೆಳಿಗ್ಗೆ ಐಸು ಸಿಗುವುದು ಮೀನಿನ ಅಂಗಡಿಯಲ್ಲಿ. ಜನ್ಮದಲ್ಲಿ ಮೀನು ಮುಟ್ಟದ ಮನುಷ್ಯ ಮೀನಿನ ಸಾಲಿನಲ್ಲಿ ಡಬ್ಬಿ ಹಿಡಿದು ನಿಂತದ್ದನ್ನು ಕಂಡವರು, ಇವತ್ತು ಬಂಗಡೆಯೋ ಏನ್ರಿ ಸರ ಅಂತ ಕೇಳದೆ ಬಿಡುತ್ತಿರಲಿಲ್ಲ. ನಳದ ನೀರಿನಲ್ಲಿ ಬ್ಲೀಚಿಂಗ್ ಇರುತ್ತದೆ, ಬಾವಿಯ ನೀರೇ ಆಗಬೇಕು, ನೀರಿಗೆ ಚೂರು ಬೆಲ್ಲ ಬೇಕು, ಕಲಸಿದ್ದನ್ನು ನೆರಳಿನಲ್ಲಿಡಬೇಕು. ಹೇಳಿದ್ದನ್ನೇ ಹೇಳಿ ತಲೆ ತಿನ್ನುತ್ತಿದ್ದರು ಅನ್ನುವುದೂ ನಿಜ. ಒಮ್ಮೆ ಕುಳಿತರೆ ಚಹಾ ಮುಗಿದರೂ ಅವರ ಮಾತು ಮುಗಿಯುತ್ತಿರಲಿಲ್ಲ. ಅವರ ಸ್ಕೂಟರ್ ಸದ್ದು ಕೇಳಿದರೆ ನನ್ನ ಗಂಡ ಹಿಂಬಾಗಿಲಿನಿಂದ ಹೊಲಕ್ಕೆ ಹೋಗಿಬಿಡುತ್ತಿದ್ದ.

ಮೊದಲ ವರ್ಷ ಯಾರ ಮನೆಯೂ ಬೇಡವೆಂದು ಡೇರಿಯ ಹಿಂದಿನ ಜಾಗದಲ್ಲಿ ಒಂದೇ ಒಂದು ಡ್ರಮ್ಮಿನಲ್ಲಿ ಮಾಡಿ ತೋರಿಸಿದರು. ಕಾಲು ತೊಳೆದುಕೊಂಡು ತಾವೇ ಡ್ರಮ್ಮಿನೊಳಗೆ ಇಳಿದು ತುಳಿದರು. ಹೊಟ್ಟೆ ಸ್ವಲ್ಪ ಮುಂದಿದ್ದ ಮನುಷ್ಯ. ಇಳಿದದ್ದು ಸಲೀಸಾಯಿತು, ಹತ್ತಲಾಗಲಿಲ್ಲ. ಡ್ರಮ್ಮು ಮಲಗಿಸಿ ಎಳೆಯಬೇಕಾಯಿತು. ಬೇಸಿಗೆಯಲ್ಲಿ ಅದರ ಬಾಯಿ ತೆಗೆದಾಗ ಬಂದ ವಾಸನೆ ನನಗೆ ಈಗಲೂ ನೆನಪಿದೆ. ಹಣ್ಣಾದ ಅನಾನಸಿನ ಹತ್ತಿರದ ವಾಸನೆ, ಅಡಿಯಲ್ಲಿ ತೆಳ್ಳಗೆ ಮೊಸರಿನ ಹುಳಿ. ಎದುರಿಗೆ ಕಟ್ಟಿದ ದನ ಹಗ್ಗ ಹರಿದುಕೊಳ್ಳುವುದೊಂದು ಬಾಕಿ.

ಎರಡನೆಯ ವರ್ಷ ನಮ್ಮದೂ ಸೇರಿ ಊರಿನ ಅರ್ಧ ಮನೆಗಳಲ್ಲಿ ಚೀಲ ಕಟ್ಟಿದರು. ಮುಂದಾಳು ಫಕ್ಕೀರವ್ವ. ಅವಳ ಗಂಡ ಹೆದ್ದಾರಿಯ ಧಾಬಾದಲ್ಲಿ ರೊಟ್ಟಿ ಸುಡುತ್ತಿದ್ದ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿದ್ದದ್ದು ಚಂದ್ರಿ ಎಂಬ ಒಂದು ಆಕಳಿನಿಂದ. ಚಂದ್ರಿಗೆ ಬೈದರೆ ಫಕ್ಕೀರವ್ವ ತನಗೇ ಬೈದ ಹಾಗೆ ಮಾಡುತ್ತಿದ್ದಳು. ಇಂಥವಳು ಮೊದಲು ಮುಂದೆ ಬಂದಳು ಅಂತಲೇ ಉಳಿದವರಿಗೆ ಧೈರ್ಯ. ಸರ ಮನೆಮನೆಗೆ ಹೋಗಿ ನಿಂತು, ಪುಡಿ ಚಿಮುಕಿಸಿ, ತುಳಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ತಾವೇ ಬಿಗಿದು ಬಾಯಿ ಕಟ್ಟಿದರು. ಬೇಸಿಗೆಯ ತನಕ ಇದನ್ನು ಬಿಚ್ಚಕೂಡದು ಅಂತ ಒಬ್ಬೊಬ್ಬರಿಂದಲೂ ಹೂಂ ಅನ್ನಿಸಿಕೊಂಡರು.

ಶಿವರಾತ್ರಿ ಕಳೆದ ಮೇಲೆ ಚೀಲ ತೆಗೆದರು. ಮೇಲುಗಡೆ ಬಿಳೀ ಬೂಷ್ಟು ಇತ್ತಂತೆ. ಉಪ್ಪಿನಕಾಯಿಯ ಮೇಲಿನದನ್ನು ತೆಗೆದು ಚೆಲ್ಲುವ ಹಾಗೆ ಅದನ್ನು ಚೆಲ್ಲಿ ಕೆಳಗಿನದನ್ನು ಹಾಕಿದರು. ಕೆಲವು ದಿನಗಳಲ್ಲೇ ದನಗಳು ಮೇವು ಬಿಟ್ಟವು. ಗಬ್ಬದ ಆಕಳೆರಡು ಕಂದು ಹಾಕಿದವು. ಚಂದ್ರಿ ಕತ್ತು ಒಂದೇ ಕಡೆ ವಾಲಿಸಿಕೊಂಡು ಗೂಟದ ಸುತ್ತ ಸುತ್ತತೊಡಗಿತು, ಬಿತ್ತು, ಏಳಲಿಲ್ಲ. ಡಾಕ್ಟರು ಬಂದು ನೋಡಿ, ಮೇವು ಕೆಟ್ಟದ್ದೇ ಕಾರಣ ಎಂದು ಹೇಳಿ ಹೋದರು.

ಮರುದಿನ ಡೇರಿಯ ಮುಂದೆ ಜನ ಸೇರಿದರು. ಹುಳ ತಿನ್ನಿಸಿ ಕೊಂದರು ಅಂತ ಒಬ್ಬರು ಶುರು ಮಾಡಿದ್ದು ಎಲ್ಲರ ಬಾಯಲ್ಲೂ ಬಂತು. ಅವರು ಮೆಟ್ಟಿಲ ಮೇಲೆ ಹೆಲ್ಮೆಟ್ ಎದೆಗೆ ಒತ್ತಿಕೊಂಡು ನಿಂತಿದ್ದರು. ಒಂದೇ ಪ್ರಶ್ನೆ ಕೇಳಿದರು, ನಡುವೆ ಯಾರಾದರೂ ಚೀಲದ ಬಾಯಿ ಬಿಚ್ಚಿದ್ದಿರಾ ಅಂತ. ಇಲ್ರಿ, ಇಲ್ರಿ ಅಂದರು ಎಲ್ಲರೂ. ಫಕ್ಕೀರವ್ವ ಚಂದ್ರಿಯ ಮೇಲೆ ಆಣೆ ಇಟ್ಟು ಇಲ್ಲ ಅಂದಳು. ಸುಳ್ಳು ಹೇಳುವ ಮುಖ ಒಂದೂ ಅಲ್ಲಿರಲಿಲ್ಲ. ಹಾಲು ಅಳೆದು ಅಳೆದು, ನೀರು ಬೆರೆಸಿದವರ ಮುಖ ನೋಡಿ ನೋಡಿ, ನನಗೆ ಅಷ್ಟು ಗೊತ್ತಾಗುತ್ತದೆ.

ಹಾಗಾದರೆ ತಪ್ಪು ತನ್ನದೇ ಎಂದು ಅವರು ನಂಬಿದರು. ಉಳಿದ ಪುಡಿಯನ್ನೂ ಕೆಟ್ಟ ಮೇವನ್ನೂ ಕಟ್ಟಿಕೊಂಡು ಪರೀಕ್ಷೆಗೆಂದು ಶಿರಸಿಗೆ ಹೋದರು, ಧಾರವಾಡಕ್ಕೆ ಹೋದರು. ಪುಡಿ ಸರಿ ಇದೆ, ಮೇವಿಗೆ ಗಾಳಿ ಹೊಕ್ಕಿದೆ ಅಂತ ಅಲ್ಲಿಯವರು ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಐಸು ಸಾಕಾಗಲಿಲ್ಲವೇನೋ, ಬಾವಿಯಲ್ಲೇ ಯಾರಾದರೂ ಬ್ಲೀಚಿಂಗ್ ಹಾಕಿದ್ದರೇನೋ, ಪಟ್ಟಿ ಸಡಿಲವಾಗಿತ್ತೇನೋ. ಮಾತು ಮುಗಿಸಲು ಬಾರದಿದ್ದ ಮನುಷ್ಯ ಮಾತು ಶುರುಮಾಡುವುದನ್ನೇ ಬಿಟ್ಟರು. ಕೊಟ್ಟಿಗೆಗಳ ಕಡೆ ತಿರುಗಿ ಮೂಸುವುದನ್ನೂ ಬಿಟ್ಟರು. ನನ್ನ ಗಂಡ ಕೂಡ ಹಿಂಬಾಗಿಲಿನಿಂದ ಹೋಗದೆ ಅವರ ಎದುರಿಗೆ ಕುಳಿತುಕೊಳ್ಳತೊಡಗಿದ, ಅವರಾಗಿ ಏನಾದರೂ ಹೇಳಲಿ ಅಂತ.

ನಮ್ಮ ಮನೆಯ ಚೀಲವನ್ನು ಹೆದರಿ ನಾವು ತೆಗೆದಿರಲೇ ಇಲ್ಲ. ಗೊಬ್ಬರದ ಗುಂಡಿಗೆ ಹಾಕುವುದೆಂದು ಗಂಡ ಎಳೆದು ಹೊರಗಿಟ್ಟಿದ್ದ. ಅವರು ಬಂದ ದಿನ, ಚೆಲ್ಲುವ ಮೊದಲು ಒಮ್ಮೆ ನೋಡಿಬಿಡಿ ಸರ ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಪಟ್ಟಿ ಬಿಚ್ಚಿದರು. ಬಾಯಿ ತೆರೆದದ್ದೇ ತಡ, ಅದೇ ಅನಾನಸಿನ ವಾಸನೆ ಅಂಗಳ ತುಂಬಿತು. ಮೊಣಕೈ ತನಕ ಕೈ ತೂರಿ ತಳದಿಂದ ಒಂದು ಹಿಡಿ ತೆಗೆದು, ಮೂಸಿ, ಎರಡು ಚೂರು ಬಾಯಿಗೆ ಹಾಕಿಕೊಂಡು ಅಗಿದರು. ಬೂಷ್ಟಿನ ಗುರುತೇ ಇಲ್ಲ. ಅದೇ ಪುಡಿ, ಅದೇ ದಿನದ ಐಸು, ಪಕ್ಕದ ಹೊಲದ್ದೇ ಗೋವಿನಜೋಳ.

"ನೀವೆಂತ ಬೇರೆ ಮಾಡಿದ್ರಿ ತಂಗಿ?" ಎಂದು ಕೇಳಿದರು. ನನಗೆ ಹೊಳೆಯಲಿಲ್ಲ. ಏನೂ ಮಾಡಿಲ್ಲ, ಇಟ್ಟದ್ದು ಇಟ್ಟ ಹಾಗೇ ಇದೆ ಎಂದೆ.

ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅತ್ತೆ ಅಲ್ಲಿಂದಲೇ ಅಂದರು, "ಏನ್ ಮಾಡ್ಯಾಳ್ರಿ ಅಕಿ? ಈ ವರ್ಷ ನಮ್ಮನ್ಯಾಗ ಹಬ್ಬನ ಇಲ್ಲ. ಎಲ್ಲಾರೂ ಹೊಸಾ ಮೇವು ಒಂದ್ ಹಿಡಿ ದನಕ್ಕ ಇಟ್ರು, ನಾವು ಅದನ್ನೂ ಇಡ್ಲಿಲ್ಲ."

ಮಾವ ತೀರಿಕೊಂಡು ವರ್ಷ ತುಂಬದ್ದರಿಂದ ನಮ್ಮಲ್ಲಿ ಆ ಸಲ ದೀಪಾವಳಿ ಇರಲಿಲ್ಲ. ಉಳಿದ ಮನೆಗಳಲ್ಲಿ ಪಾಡ್ಯದ ದಿನ ಸಗಣಿಯಲ್ಲಿ ಪಾಂಡವರ ಪುಟ್ಟ ಗೊಂಬೆ ಮಾಡಿ, ದನಗಳ ಮೈತೊಳೆದು ಪೂಜೆ ಮಾಡುತ್ತಾರೆ. ಆಯಾ ವರ್ಷ ಮನೆಗೆ ಏನು ಹೊಸದು ಬಂದಿದ್ದರೂ, ಅಕ್ಕಿಯಾಗಲಿ ಬೆಲ್ಲವಾಗಲಿ, ಮೊದಲ ಹಿಡಿ ಪಾಂಡವರ ಮುಂದಿಟ್ಟು ದನಕ್ಕೆ ಕೊಡುವುದು ರೂಢಿ. ಆ ವರ್ಷ ಹೊಸದು ಅಂದರೆ ರಸಮೇವು. ಹಾಗಾಗಿ ಎಲ್ಲರೂ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು, ಕೈಗೆ ಸಿಕ್ಕ ಹುರಿಯಿಂದ ಮತ್ತೆ ಕಟ್ಟಿದ್ದರು. ಹುಳಿತು ಮುಗಿಯುವ ಮೊದಲೇ ಗಾಳಿ ಒಳಹೊಕ್ಕಿತು, ಮೊದಲಿನ ಬಿಗಿಯೂ ಹೋಯಿತು.

ಕೇಳಿದಾಗ ಬಿಚ್ಚಿಲ್ಲ ಅಂದರಲ್ಲ ಅಂತ ಅವರು ಸಣ್ಣ ದನಿಯಲ್ಲಿ ಕೇಳಿದರು. ಅತ್ತೆಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಏಕಾದಶಿಯ ದಿನ ತೀರ್ಥ ತೆಗೆದುಕೊಂಡರೆ ಉಪವಾಸ ಮುರಿಯಿತು ಅನ್ನುತ್ತಾರೇನು? ದೇವರಿಗೆ ತೆಗೆದದ್ದು ತೆಗೆದ ಹಾಗಲ್ಲ. ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಸಂತೋಷ ಆಗಬೇಕಿತ್ತು ಅಂದುಕೊಂಡೆ. ಸ್ವಲ್ಪ ಆಗಿತ್ತು ಅಂತಲೂ ಕಾಣುತ್ತದೆ. ಬಹಳ ದಿನಗಳ ಮೇಲೆ ಆ ಚೀಲದ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು.

ಫಕ್ಕೀರವ್ವನಿಗೆ ಹೇಳಲೇಬೇಕು ಎಂದು ಎದ್ದರು. ಅವಳು ಒಪ್ಪಿದರೆ ಊರು ಒಪ್ಪುತ್ತದೆ. ಊರು ಒಪ್ಪಿದರೆ ಬರುವ ಬೇಸಿಗೆಗಾದರೂ ಚೀಲ ಕಟ್ಟುತ್ತಾರೆ. ಇಲ್ಲದಿದ್ದರೆ ಇಲ್ಲಿಗೆ ಮುಗಿಯಿತು. ಒಬ್ಬರೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಹೇಗೆ ಹೇಳುವುದು ಅಂತ ಬಾಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಬೈದ ಹಾಗೆ ಆಗಬಾರದು, ಮೊಸರಿನ ಮಾತಿನಿಂದಲೇ ಶುರುಮಾಡುತ್ತೇನೆ ಎಂದರು.

ಫಕ್ಕೀರವ್ವ ಬೈಯುತ್ತಾಳೆ ಅಂದುಕೊಂಡಿದ್ದೆವು. ಬೈಯಲಿಲ್ಲ. ಚಾಪೆ ಹಾಸಿ, ಹಾಲಿಲ್ಲದ ಚಹಾ ಮಾಡಿ ಕೊಟ್ಟಳು. ಅವರು ಲೋಟ ಕೆಳಗಿಟ್ಟು, ಫಕ್ಕೀರವ್ವ, ಒಂದು ಮಾತು ಹೇಳುವುದಿತ್ತು ಅಂದರು. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ತನ್ನ ಪಾಡಿಗೆ ತಾನು ಮಾತಾಡತೊಡಗಿದಳು.

"ಒಂದ ಸಮಾಧಾನ ಐತ್ರಿ ಸರ. ಪಾಡ್ಯದ ದಿನ ಹೊಸಾ ಮೇವಿನ ಮೊದಲನೇ ಹಿಡಿ ನನ್ನ ಕೈಲೆ ತಿಂದು ಹೋತು ಚಂದ್ರಿ. ಪಾಂಡವರ ಮುಂದ ಇಟ್ಟು, ಕೈ ಮುಗದು ಕೊಟ್ಟೆ. ಅಂಗೈ ನೆಕ್ಕಿ ನೆಕ್ಕಿ ತಿಂತು. ಹಬ್ಬ ಉಂಡು ಹೋಗೇತಿ ತಗೋ ಫಕ್ಕೀರವ್ವ ಅಂತಾರ ಎಲ್ಲಾರೂ. ಅಷ್ಟ ನೆನಿಸಿಕೊಂತ ಮಲಗ್ತೇನಿ ನೋಡ್ರಿ."

ಹೇಳುತ್ತ ಅವಳು ತನ್ನ ಅಂಗೈಯನ್ನು ನಮ್ಮ ಕಡೆ ಚಾಚಿದ್ದಳು, ಅಲ್ಲಿ ಏನೋ ಇನ್ನೂ ಇದೆ ಅನ್ನುವ ಹಾಗೆ. ಅವರು ಆ ಅಂಗೈಯನ್ನೇ ನೋಡುತ್ತ ಕುಳಿತರು. ನಾನು ಅವರ ಮುಖ ನೋಡುತ್ತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ. ನೀವು ಏನೋ ಹೇಳ್ತಿದ್ರಿ ಅಂತ ಅವಳೇ ಕೇಳಿದಳು.

"ತಪ್ಪು ನನ್ನ ಪುಡಿಯದ್ದೇ ತಂಗಿ," ಅಂದರು. "ದಾರಿಯಲ್ಲೇ ಬಿಸಿಲಿಗೆ ಸತ್ತುಹೋಗಿತ್ತು. ನಾನು ನೋಡ್ಕೊಳ್ಳಬೇಕಿತ್ತು. ಅದನ್ನೇ ಹೇಳಿ ಹೋಗೋಣ ಅಂತ ಬಂದೆ."

ಅವಳು ತಲೆ ಆಡಿಸಿದಳು. ಗೊತ್ತಿದ್ದದ್ದನ್ನೇ ಕೇಳಿದ ಹಾಗೆ. ಉಳಿದ ಚಹಾ ಸೋಸಿ ಅವರ ಲೋಟಕ್ಕೆ ಹಾಕಿದಳು. ಅವರು ಕುಡಿದರು.

ಹೊರಗೆ ಬಂದ ಮೇಲೆ ನಾನು ಜಗಳಕ್ಕೇ ನಿಂತೆ. ಇಷ್ಟು ದಿನದ ಕೆಲಸ, ಇಷ್ಟು ತಿರುಗಾಟ, ಒಂದು ಮಾತಿನಲ್ಲಿ ಮಣ್ಣುಪಾಲು ಮಾಡಿದಿರಲ್ಲ ಸರ ಎಂದೆ. ಅವಳಿಗೆ ಬೇಡ, ಉಳಿದವರಿಗಾದರೂ ನಾನು ಹೇಳುತ್ತೇನೆ ಎಂದೆ. ಅವರು ಸ್ಕೂಟರನ್ನು ತಳ್ಳಿಕೊಂಡೇ ಬರುತ್ತಿದ್ದರು, ಹತ್ತಿರಲಿಲ್ಲ. ಒಬ್ಬರಿಗೆ ಹೇಳಿದರೆ ಸಂಜೆಯೊಳಗೆ ಅವಳ ಬಾಗಿಲಿಗೆ ಬರುತ್ತದೆ, ನಿಮ್ಮೂರು ನನಗೆ ಗೊತ್ತಿಲ್ಲವಾ ಅಂದರು. ಸ್ವಲ್ಪ ದೂರ ಹೋಗಿ ನಿಂತು, "ಅವಳ ಹತ್ರ ಉಳಿದದ್ದು ಆ ಒಂದು ಹಿಡಿ. ಅದನ್ನೂ ಕಿತ್ತುಕೊಂಡು ಎಂತ ಕೊಡ್ಲಿ ನಾನು?" ಎಂದು ಕೇಳಿದರು. ಈಗಲೂ ಅವರು ಮಾಡಿದ್ದು ಸರಿ ಎಂದು ಬರೆಯಲು ನನಗೆ ಬರುವುದಿಲ್ಲ. ಆಮೇಲಿನದನ್ನು ಕಣ್ಣಾರೆ ಕಂಡಿದ್ದೇನೆ.

ಮೇಲ್ವಿಚಾರಕರೇ ಒಪ್ಪಿಕೊಂಡರಂತೆ ಅನ್ನುವ ಸುದ್ದಿ ನಮ್ಮೂರಲ್ಲಿ ನಿಲ್ಲಲಿಲ್ಲ. ಅಕ್ಕಪಕ್ಕದ ಊರುಗಳಲ್ಲಿ ಚೆನ್ನಾಗಿದ್ದ ಚೀಲಗಳನ್ನೂ ಗುಂಡಿಗೆ ಹಾಕಿದರು. ನಮ್ಮ ಚೀಲದ್ದನ್ನು ನಮ್ಮ ದನಗಳು ಮೇ ತಿಂಗಳ ತನಕ ತಿಂದವು, ಕೊಬ್ಬಿನ ಅಂಶ ಏರಿದ ಹಾಲು ಕೊಟ್ಟವು. ಯಾರೂ ನೋಡಲು ಬರಲಿಲ್ಲ. ನೋಡಿದವರು, ನಿಮ್ಮ ನಸೀಬು ಚಲೋ ಇತ್ತು ಅಂದರು. ಮರುವರ್ಷ ಪುಡಿಯ ಹೆಸರು ಎತ್ತುವ ಹಾಗಿರಲಿಲ್ಲ. ಮರುವರ್ಷದ ಎಪ್ರಿಲ್ ಎಂದಿನ ಎಪ್ರಿಲ್ಲೇ. ಪಿಕಪ್ ಗಾಡಿಗಳು ಬಂದವು. ಅದರ ಮುಂದಿನ ವರ್ಷವೂ ಬಂದವು. ಡೇರಿಯಲ್ಲಿ ಕ್ಯಾನು ತುಂಬುವುದು ನಿಂತು, ಅರ್ಧಕ್ಕೆ ಇಳಿದು, ಈಗ ಬೆಳಗಿನ ಒಂದೇ ಹೊತ್ತು ಹಾಲು ಅಳೆಯುತ್ತೇನೆ. ಸಂಜೆ ಅದೇ ಕೋಣೆಯಲ್ಲಿ ಪಾಕೀಟು ಹಾಲು ಮಾರುತ್ತೇನೆ.

ಅವರನ್ನು ತಿರುಗಾಟದ ಕೆಲಸದಿಂದ ತೆಗೆದು ಶಿರಸಿಯಲ್ಲಿ ಮೇಜಿನ ಮುಂದೆ ಕೂರಿಸಿದರು. ಒಮ್ಮೆ ಅಲ್ಲಿಗೆ ಹೋಗಿದ್ದೆ. ಗಾಜಿನ ಆಚೆ ಕುಳಿತು, ಬಂದ ಪಾಕೀಟುಗಳ ಲೆಕ್ಕ ಬರೆಯುತ್ತಿದ್ದರು. ತೆಳ್ಳಗಾಗಿದ್ದರು. ಹೊಟ್ಟೆ ಹೋಗಿತ್ತು. ಈಗ ಡ್ರಮ್ಮಿಗೆ ಇಳಿದರೆ ತಾವೇ ಹತ್ತಿ ಬರುತ್ತೀರಿ ಸರ ಎಂದು ನಗಿಸಲು ನೋಡಿದೆ. ನಕ್ಕರು. ಊರಿನ ಬಗ್ಗೆ ಕೇಳಲಿಲ್ಲ. ಹೊರಡುವಾಗ, ಈ ಸಲ ಎಷ್ಟು ಹೋದವು ಅಂತ ಕೇಳಿದರು. ಎಪ್ರಿಲ್‌ನ ದನಗಳ ಮಾತು. ಒಂದೆರಡು ಅಷ್ಟೇ ಸರ ಎಂದೆ. ಸುಳ್ಳು ಅಂತ ಅವರಿಗೂ ಗೊತ್ತಾಯಿತು.

ನಿವೃತ್ತಿಗೆ ಮೊದಲೇ ಹೋದರು. ಎದೆನೋವಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಗಿಹೋಯಿತಂತೆ. ಹಾಲಿನ ಗಾಡಿಯ ಚಾಲಕ ಬೆಳಿಗ್ಗೆ ಹೇಳಿ ಹೋದ.

ಸಂಜೆ ಫಕ್ಕೀರವ್ವ ಬಂದಳು. ಅರ್ಧ ಲೀಟರ್ ಪಾಕೀಟು ಕೇಳಿದಳು. ಕೊಡುತ್ತ ಹೇಳಿದೆ, ಹೆಪ್ಪಿನ ಸರ ಹೋದರಂತೆ ಅಂತ. ಅವಳು ಅಯ್ಯ ಅಂದಳು. ಪಾಕೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಳ್ಳೆ ಮನಷಾ ಇದ್ರು, ಮನಿಗೆ ಬಂದು ತಪ್ಪು ಒಪ್ಪಿಕೊಂಡ್ರು, ಯಾರ್ ಒಪ್ಪಿಕೊಂತಾರ ಈಗಿನ ಕಾಲದಾಗ ಅಂದಳು.

ಪುಡಿಯದ್ದು ತಪ್ಪಲ್ಲ ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಅವಳೇ ಮುಂದುವರಿಸಿದಳು.

"ನಾ ಅಂತೂ ಅವ್ರನ್ನ ಅವತ್ತ ಕ್ಷಮಾ ಮಾಡೇನ್ರಿ ಅಕ್ಕಾರ. ಇನ್ನ ದೇವ್ರು ಮಾಡ್ಬೇಕು."

ಹೌದವ್ವ ಎಂದೆ. ಅವಳು ಸೆರಗಿನಲ್ಲಿ ಪಾಕೀಟು ಸುತ್ತಿಕೊಂಡು ಮೆಟ್ಟಿಲಿಳಿದು ಹೋದಳು.